ಗರ್ಭಿಣಿಯರ ರಕ್ತಪರೀಕ್ಷೆ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ಬಸುರಿಯ ಬಯಕೆ ತೀರಿಸುವುದು, ಸೀಮಂತ ಮಾಡಿ ಮಡಿಲು ತುಂಬುವುದು, ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವುದು, ಬಾಣಂತಿಗೆ ಎರೆದು ಸಾಂಬ್ರಾಣಿಯ ಹೊಗೆ ಹಾಕುವುದು - ಇವೆಲ್ಲವೂ ಆ ಮಾತಿನ ಹಿಂದಿರುವ ಭಯದಿಂದಲೂ ಪ್ರೀತಿಯಿಂದಲೂ ಹುಟ್ಟಿದ ನಡವಳಿಕೆಗಳು. ಕಣ್ಣಿಗೆ ಕಾಣುವ ಅಪಾಯಗಳಿಗೆ ನಮ್ಮ ಹಿರಿಯರು ತಮಗೆ ತಿಳಿದಮಟ್ಟಿಗೆ ಕಟ್ಟುಪಾಡುಗಳನ್ನು ಮಾಡಿದರು. ಕಣ್ಣಿಗೆ ಕಾಣದ ಅಪಾಯವೊಂದು ತಾಯಿಯ ರಕ್ತದಲ್ಲಿ ಸದ್ದಿಲ್ಲದೆ ಅಡಗಿದ್ದು, ಹೆರಿಗೆಯ ಗಳಿಗೆಯಲ್ಲಿ ಮಗುವಿಗೆ ದಾಟಿಹೋಗಬಹುದೆಂಬುದು ಅವರಿಗೆ ತಿಳಿದಿರಲಿಲ್ಲ. ನಮಗೆ ತಿಳಿದಿದೆ. ತಿಳಿದಮೇಲೆ ನಾವೇನು ಮಾಡುತ್ತಿದ್ದೇವೆ ಎಂಬುದೇ ಈ ಲೇಖನದ ವಿಷಯ.

ನಾನು ವೈದ್ಯವಿದ್ಯಾರ್ಥಿನಿಯಲ್ಲ. ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುತ್ತಿರುವ ಬಿ.ಎ. ತರಗತಿಯವಳು. ಇಂತಹ ವಿಷಯವನ್ನು ಎತ್ತಿಕೊಳ್ಳಲು ನಿನಗೆ ಅಧಿಕಾರವೇನೆಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ನನ್ನ ಮನೆಯಲ್ಲಿ ನಡೆದುದೇ ನನ್ನ ಅಧಿಕಾರ. ಅದನ್ನು ಬರೆಯಲು ಅಕ್ಕನ ಅಪ್ಪಣೆ ಕೇಳಿದೆ. “ಬರಿ. ಆದರೆ ನಾನೇನೋ ತಪ್ಪು ಮಾಡಿದೆ ಅಂತ ಓದಿದವರು ತಿಳಿಯೋ ಹಾಗೆ ಬರೀಬೇಡ” ಎಂದಳು. ಆ ಷರತ್ತಿಗೆ ಒಪ್ಪಿಯೇ ಲೇಖನಿ ಹಿಡಿದಿದ್ದೇನೆ.

ಅಕ್ಕನ ಚೊಚ್ಚಲ ಮಗು ಹುಟ್ಟಿದ್ದು ೨೦೧೪ರಲ್ಲಿ. ಆಗ ನಾನು ಹತ್ತು ವರ್ಷದವಳು. ಹೆರಿಗೆ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ, ಹಬ್ಬದ ರಜೆಗಳ ನಡುವೆ ಆಯಿತು. ಅಕ್ಕನ ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಮೂತ್ರಪರೀಕ್ಷೆ ಎಲ್ಲವೂ ಬರೆದಿದ್ದವು, ಎಚ್.ಐ.ವಿ. ಪರೀಕ್ಷೆಯೂ ಆಗಿತ್ತು. ಹೆಪಟೈಟಿಸ್ ಬಿ ಪರೀಕ್ಷೆ ಆಗಿರಲಿಲ್ಲ. ಹುಟ್ಟಿದ ದಿನವೇ ಕೂಸಿಗೆ ಹಾಕಬೇಕಾದ ಅದರ ಲಸಿಕೆಯೂ ರಜೆಯ ಗಡಿಬಿಡಿಯಲ್ಲಿ ಬಿಟ್ಟುಹೋಗಿ, ಒಂದೂವರೆ ತಿಂಗಳಿಗೆ ಇತರ ಚುಚ್ಚುಮದ್ದುಗಳ ಜೊತೆಯಲ್ಲಿ ಬಿತ್ತು. ಯಾರಿಗೂ ಅದೊಂದು ಲೋಪವೆಂದು ತೋರಲಿಲ್ಲ. ಕೂಸು ದುಂಡುದುಂಡಾಗಿ ಬೆಳೆಯಿತು.

೨೦೨೧ರಲ್ಲಿ ಅಕ್ಕ ಎರಡನೆಯ ಸಲ ಬಸುರಿಯಾದಳು. ಈ ಬಾರಿ ಮೂರನೆಯ ತಿಂಗಳಲ್ಲಿಯೇ ರಕ್ತ ತೆಗೆದರು. ಕೆಲವು ದಿನಗಳ ಮೇಲೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಒಬ್ಬರು ಹತ್ತು ಜನರೆದುರು “ಬಿ ಪಾಸಿಟಿವ್ ಯಾರಮ್ಮಾ?” ಎಂದು ಕೂಗಿ ಚೀಟಿ ಕೊಟ್ಟರು. ಅದು ರಕ್ತದ ಗುಂಪೆಂದು ತಿಳಿದು ನಾವು ಎರಡು ವಾರ ನೆಮ್ಮದಿಯಾಗಿದ್ದೆವು! ಮುಂದಿನ ಭೇಟಿಯಲ್ಲಿ ಒಬ್ಬ ವೈದ್ಯೆ ಚೀಟಿಯನ್ನು ನೋಡಿ, ಅಕ್ಕನನ್ನು ಕೂರಿಸಿಕೊಂಡು, ನಿಧಾನವಾಗಿ ತಿಳಿಯಹೇಳಿದರು. ಅನಂತರ ಮನೆಯವರೆಲ್ಲರ ರಕ್ತಪರೀಕ್ಷೆಯಾಯಿತು. ಭಾವನಿಗೆ ಸೋಂಕಿರಲಿಲ್ಲ. ನನಗೂ ಇರಲಿಲ್ಲ. ನನ್ನ ತಾಯಿಗೆ ಇತ್ತು. ಏಳು ವರ್ಷದ ಮಗಳಿಗೂ ಇತ್ತು. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ, ಬಂಗಾರದ ಬಳೆ ಇಳಿದುಬರುವ ದಾರಿಯಲ್ಲಿಯೇ ಈ ವ್ಯಾಧಿಯೂ ಇಳಿದುಬಂದಿತ್ತು. ಮೂವರಲ್ಲಿ ಒಬ್ಬರಿಗೂ ಒಂದು ದಿನವಾದರೂ ಕಣ್ಣು ಹಳದಿಯಾದುದಿಲ್ಲ.

ಎರಡನೆಯ ಮಗು ಹುಟ್ಟಿದಾಗ ಎಲ್ಲವೂ ಮೊದಲೇ ಸಿದ್ಧವಾಗಿತ್ತು. ಹೆರಿಗೆಯ ಕೋಣೆಯಿಂದ ಹೊರಬರುವ ಮೊದಲೇ ಅದರ ಒಂದು ತೊಡೆಗೆ ಲಸಿಕೆಯೂ ಇನ್ನೊಂದು ತೊಡೆಗೆ ಇಮ್ಯುನೋಗ್ಲೋಬುಲಿನ್ ಎಂಬ ರಕ್ಷಕ ಮದ್ದೂ ಬಿದ್ದವು. ವರ್ಷ ತುಂಬಿದ ಮೇಲೆ ಪರೀಕ್ಷಿಸಿದಾಗ ಆ ಹುಡುಗನ ರಕ್ತ ಶುದ್ಧವಾಗಿತ್ತು. ಒಂದೇ ತಾಯಿ, ಒಂದೇ ಹಾಲು, ಒಂದೇ ಮನೆ. ಒಬ್ಬಳು ಆರು ತಿಂಗಳಿಗೊಮ್ಮೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕು, ಇನ್ನೊಬ್ಬ ನಿಲ್ಲಬೇಕಾಗಿಲ್ಲ. ಇಬ್ಬರ ನಡುವಣ ಅಂತರ ಒಂದು ಪರೀಕ್ಷೆ, ಮತ್ತು ಹುಟ್ಟಿದ ಮೊದಲ ದಿನ.

ಈ ಮೊದಲ ದಿನಕ್ಕೆ ಅಷ್ಟೇಕೆ ಮಹತ್ವವೆಂದು ವಾಚಕರು ಕೇಳಬಹುದು. ಕಾಮಾಲೆಯೆಂದರೆ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಕಣ್ಣು ಹಳದಿಯಾಗುವುದು, ಅನ್ನ ಸೇರದಿರುವುದು; ಅದಕ್ಕೆ ನೆಲನೆಲ್ಲಿಯ ರಸ, ಪಥ್ಯ, ಕೆಲವೆಡೆ ತೋಳಿನ ಮೇಲೆ ಬರೆ. ಹೆಪಟೈಟಿಸ್ ಬಿ ಎಂಬುದು ಯಕೃತ್ತಿಗೆ ತಗಲುವ ವೈರಸ್ ಸೋಂಕು. ಬೆಳೆದವರಿಗೆ ತಗಲಿದರೆ ಅದು ಬಹುಮಟ್ಟಿಗೆ ತಾನಾಗಿಯೇ ಹೋಗುತ್ತದೆ. ದೇಹದಲ್ಲಿ ನೆಲೆಯೂರುವುದು ನೂರಕ್ಕೆ ೫ಕ್ಕಿಂತ ಕಡಿಮೆ ಜನರಲ್ಲಿ. ಹೆರಿಗೆಯ ಸಮಯದಲ್ಲಿ ಕೂಸಿಗೆ ತಗಲಿದರೆ ಲೆಕ್ಕ ತಲೆಕೆಳಗಾಗುತ್ತದೆ. ಸೋಂಕು ತಗಲಿದ ನೂರು ಕೂಸುಗಳಲ್ಲಿ ಸುಮಾರು ೯೦ರಲ್ಲಿ ಅದು ಬಹುಕಾಲ ಉಳಿದುಬಿಡುತ್ತದೆ. ಎಳೆಯ ದೇಹ ಇನ್ನೂ ಶತ್ರುಮಿತ್ರರ ವಿವೇಚನೆಯನ್ನು ಕಲಿತಿರುವುದಿಲ್ಲ. ಹೊಕ್ಕವನನ್ನು ಮನೆಯವನೆಂದೇ ಎಣಿಸುತ್ತದೆ. ಹೀಗೆ ಉಳಿದ ಸೋಂಕು ಹತ್ತಿಪ್ಪತ್ತು ವರ್ಷ ಸುಮ್ಮನಿದ್ದು, ಕೆಲವರಲ್ಲಿ ಯಕೃತ್ತನ್ನು ಗಂಟುಗಟ್ಟಿಸಿ, ಇಲ್ಲವೆ ಅರ್ಬುದಕ್ಕೆ ಕಾರಣವಾಗಿ ಪ್ರಾಣ ತೆಗೆಯುತ್ತದೆ. ಹುಟ್ಟಿದ ೨೪ ಗಂಟೆಗಳೊಳಗೆ ಲಸಿಕೆ ಬಿದ್ದರೆ ವೈರಸ್ಸು ನೆಲೆಯೂರುವ ಮೊದಲೇ ಕಾವಲು ನಿಲ್ಲುತ್ತದೆ. ಇಂತಹ ತಾಯಿಯ ಕೂಸಿಗೆ ಒಂದೂವರೆ ತಿಂಗಳ ಮೇಲೆ ಮೊದಲ ಲಸಿಕೆ ಹಾಕುವುದೆಂದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಈ ವೈರಸ್ಸಿನ ಗುರುತು ಸಿಕ್ಕಿದ ಕಥೆಯೂ ಸ್ವಾರಸ್ಯವಾಗಿದೆ. ಅಮೆರಿಕದ ಬರೂಚ್ ಬ್ಲೂಂಬರ್ಗ್ ಎಂಬ ವಿಜ್ಞಾನಿ ಬೇರೆ ಬೇರೆ ದೇಶಗಳ ಜನರ ರಕ್ತವನ್ನು ಹೋಲಿಸಿ ನೋಡುತ್ತಿದ್ದಾಗ, ಆಸ್ಟ್ರೇಲಿಯದ ಒಬ್ಬ ಮೂಲನಿವಾಸಿಯ ರಕ್ತದಲ್ಲಿ ಹೊಸದೊಂದು ಪದಾರ್ಥವನ್ನು ಕಂಡರು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಗವಚವೆಂದು ಅನಂತರ ತಿಳಿಯಿತು. ೧೯೭೬ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಇಂದು ಗರ್ಭಿಣಿಯ ರಕ್ತದಲ್ಲಿ ಹುಡುಕುವುದು ಅದೇ ಹೊರಗವಚವನ್ನು. ಬೆರಳ ತುದಿಯ ಒಂದೆರಡು ಹನಿ ರಕ್ತ ಸಾಕು. ಅರ್ಧ ಗಂಟೆಯೊಳಗೆ ಪಟ್ಟಿಯ ಮೇಲೆ ಗೆರೆ ಮೂಡುತ್ತದೆ. ಒಂದು ಕಾಲಕ್ಕೆ ಈ ರೋಗದ ಲಸಿಕೆ ವಿದೇಶದಿಂದ ಬರಬೇಕಾಗಿದ್ದು ಬಡವರ ಕೈಗೆ ಎಟುಕುತ್ತಿರಲಿಲ್ಲ. ೧೯೯೭ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆ ಅದನ್ನು ನಮ್ಮಲ್ಲಿಯೇ ತಯಾರಿಸಿದ ಮೇಲೆ ಬೆಲೆ ಇಳಿಯಿತು. ಇಂದು ಅದು ಸರಕಾರದ ಲಸಿಕಾ ಕಾರ್ಯಕ್ರಮದಲ್ಲಿ ಉಚಿತವಾಗಿ ದೊರೆಯುತ್ತದೆ.

ಪರೀಕ್ಷೆಯಿಂದ ಆಗುವ ಪ್ರಯೋಜನ ಕೇವಲ ಊಹೆಯಲ್ಲ. ತೈವಾನ್ ದ್ವೀಪದಲ್ಲಿ ಈ ಸೋಂಕು ಮನೆಮನೆಯ ಮಾತಾಗಿತ್ತು. ೧೯೮೪ರಲ್ಲಿ ಅಲ್ಲಿಯವರು ಗರ್ಭಿಣಿಯರ ರಕ್ತಪರೀಕ್ಷೆಯನ್ನು ಆರಂಭಿಸಿ, ಸೋಂಕುಳ್ಳ ತಾಯಂದಿರ ಕೂಸುಗಳಿಗೆ ಮೊದಲು ಲಸಿಕೆ ಕೊಟ್ಟರು. ಎರಡು ವರ್ಷಗಳ ಮೇಲೆ ಎಲ್ಲ ಕೂಸುಗಳಿಗೂ ಅದನ್ನು ವಿಸ್ತರಿಸಿದರು. ತೈಪೆ ನಗರದ ಮಕ್ಕಳಲ್ಲಿ ೧೯೮೪ರಲ್ಲಿ ನೂರಕ್ಕೆ ಸುಮಾರು ೧೦ರಷ್ಟಿದ್ದ ಸೋಂಕು ಹತ್ತು ವರ್ಷಗಳಲ್ಲಿ ೧ರ ಹತ್ತಿರಕ್ಕೆ ಇಳಿಯಿತು. ಮಕ್ಕಳಲ್ಲಿ ಯಕೃತ್ತಿನ ಅರ್ಬುದವೂ ಅರ್ಧದಷ್ಟು ಕಡಿಮೆಯಾಯಿತೆಂದು ೧೯೯೭ರಲ್ಲಿ ಪ್ರಕಟಪಡಿಸಿದರು.

ಎಚ್.ಐ.ವಿ.ಯ ವಿಷಯದಲ್ಲಿ ನಮ್ಮ ದೇಶವೇ ಇಂತಹ ಪಾಠವನ್ನು ಕಲಿತಿದೆ. ಯಾವ ಉಪಾಯವನ್ನೂ ಮಾಡದಿದ್ದರೆ ಸೋಂಕುಳ್ಳ ತಾಯಿಯಿಂದ ಮಗುವಿಗೆ ಅದು ದಾಟುವ ಸಂಭವ ನೂರಕ್ಕೆ ೧೫ರಿಂದ ೪೫. ಬಸಿರಿನಲ್ಲಿಯೇ ತಿಳಿದು ಔಷಧಿ ಕೊಟ್ಟರೆ ಅದು ೫ಕ್ಕಿಂತ ಕೆಳಗೆ ಇಳಿಯುತ್ತದೆ. ಭಾರತದಲ್ಲಿ ೨೦೦೨ರಿಂದ ಗರ್ಭಿಣಿಯರಿಗಾಗಿ ಈ ಕಾರ್ಯಕ್ರಮ ನಡೆದುಬಂದಿದೆ. ನೆರೆಯ ಶ್ರೀಲಂಕೆಯಂತೂ ತಾಯಿಯಿಂದ ಮಗುವಿಗೆ ಎಚ್.ಐ.ವಿ. ಮತ್ತು ಸಿಫಿಲಿಸ್ ಹರಡುವುದನ್ನು ತಡೆಗಟ್ಟಿದ ದೇಶವೆಂದು ೨೦೧೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆಯಿತು. ಈ ಎರಡರ ಜೊತೆಗೆ ಹೆಪಟೈಟಿಸ್ ಬಿಯನ್ನೂ ಸೇರಿಸಿ ಮೂರನ್ನೂ ಒಟ್ಟಿಗೆ ತಡೆಯಬೇಕೆಂಬುದು ಆ ಸಂಸ್ಥೆಯ ಗುರಿ. ನಮ್ಮಲ್ಲಿ ೨೦೧೮ರ ಜುಲೈ ೨೮ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಗರ್ಭಿಣಿಯರ ಪರೀಕ್ಷೆಯೂ ಸೇರಿದೆ. ಬ್ಲೂಂಬರ್ಗರು ಹುಟ್ಟಿದ ದಿನವೂ ಅದೇ ಜುಲೈ ೨೮. ಆಜ್ಞೆ ಇದೆ, ಮದ್ದು ಇದೆ, ಹೆರಿಗೆಗಳು ಬಹುಪಾಲು ಆಸ್ಪತ್ರೆಯಲ್ಲಿಯೇ ಆಗುತ್ತಿವೆ. ಆದರೂ ಆಜ್ಞೆಯ ಕಾಗದಕ್ಕೂ ಹಳ್ಳಿಯ ಹೆರಿಗೆಯ ಮಂಚಕ್ಕೂ ನಡುವೆ ಭಾನುವಾರಗಳೂ ಹಬ್ಬದ ರಜೆಗಳೂ ಬೀಗ ಹಾಕಿದ ಶೀತಪೆಟ್ಟಿಗೆಗಳೂ ಇರುತ್ತವೆ ಎಂಬುದನ್ನು ನನ್ನ ಅಕ್ಕನ ಮಗಳು ತೋರಿಸಿಕೊಟ್ಟಿದ್ದಾಳೆ.

ಈ ಪರೀಕ್ಷೆಯನ್ನು ಕುರಿತು ನಾನು ಕೇಳಿದ ಆಕ್ಷೇಪಣೆಗಳು ಮೂರು. ಎಲ್ಲ ಕೂಸುಗಳಿಗೂ ಹುಟ್ಟಿದ ದಿನವೇ ಲಸಿಕೆ ಹಾಕುವುದಾದರೆ ತಾಯಿಯನ್ನೇಕೆ ಪರೀಕ್ಷಿಸಬೇಕು ಎಂಬುದು ಮೊದಲನೆಯದು. ಇದು ತೂಕದ ಮಾತು. ಪರೀಕ್ಷೆ ಆಗಲಿ ಬಿಡಲಿ, ಆ ದಿನದ ಲಸಿಕೆ ಯಾವ ಕೂಸಿಗೂ ತಪ್ಪಕೂಡದು. ಆದರೆ ತಾಯಿಯ ರಕ್ತದಲ್ಲಿ ವೈರಸ್ಸು ಬಹಳವಾಗಿದ್ದರೆ ಲಸಿಕೆಯೊಂದೇ ಸಾಲದೆ ಹೋಗಬಹುದು. ಅಂತಹ ತಾಯಿಗೆ ಬಸಿರಿನ ಕೊನೆಯ ತಿಂಗಳುಗಳಲ್ಲಿ ಟೆನೊಫೋವಿರ್ ಮಾತ್ರೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಸಲಹೆ ಮಾಡಿದೆ. ಕೂಸಿಗೆ ಇಮ್ಯುನೋಗ್ಲೋಬುಲಿನ್ ಕೊಡಲು ಅದನ್ನು ಮೊದಲೇ ತರಿಸಿಟ್ಟಿರಬೇಕು. ಮೊದಲೇ ತಿಳಿಯದಿದ್ದರೆ ಇವು ಯಾವುವೂ ನಡೆಯುವುದಿಲ್ಲ. ಅಷ್ಟೇ ಅಲ್ಲ, ತಾಯಿಗೂ ಒಂದು ಯಕೃತ್ತು ಇದೆ. ಅವಳನ್ನು ಮಗು ಹೊರುವ ಪಾತ್ರೆಯೆಂದು ಎಣಿಸಿದರೆ ಮಾತ್ರ ಅವಳ ಪರೀಕ್ಷೆ ಅನಾವಶ್ಯಕವೆಂದು ತೋರೀತು.

ಎರಡನೆಯದು, ಒಂದು ರೋಗಕ್ಕೆ ಪರೀಕ್ಷೆ ಮಾಡಿದರೆ ನಾಳೆ ನೂರು ರೋಗಗಳಿಗೆ ಮಾಡಬೇಕಾಗುತ್ತದೆ, ಬಡದೇಶಕ್ಕೆ ಅದು ಹೊರೆ ಎಂಬುದು. ಇದಕ್ಕೊಂದು ಎಲ್ಲೆಯನ್ನು ಹಾಕಿಕೊಳ್ಳಬಹುದು. ಪರಿಹಾರವಿರುವ ರೋಗವನ್ನು, ಆ ಪರಿಹಾರ ಕೈಗೆಟುಕುವ ಕಡೆಯಲ್ಲಿ ಹುಡುಕಬೇಕು. ರುಬೆಲ್ಲಾ ಸೋಂಕು ಬಸಿರಿನ ಮೊದಲ ತಿಂಗಳುಗಳಲ್ಲಿ ತಗಲಿದರೆ ಕೂಸಿನ ಕಣ್ಣು, ಕಿವಿ, ಹೃದಯಗಳಿಗೆ ಊನವಾಗಬಹುದೆಂಬ ಸುಳಿವನ್ನು ೧೯೪೧ರಲ್ಲಿ ಆಸ್ಟ್ರೇಲಿಯದ ನಾರ್ಮನ್ ಗ್ರೆಗ್ ಎಂಬ ಕಣ್ಣಿನ ವೈದ್ಯರು ಕೊಟ್ಟರು. ಆದರೆ ಅದರ ಲಸಿಕೆಯನ್ನು ಬಸುರಿಗೆ ಹಾಕುವಂತಿಲ್ಲ. ಆದುದರಿಂದ ಅದನ್ನು ತಡೆಯಬೇಕಾದುದು ಬಸಿರಿಗೆ ಎಷ್ಟೋ ಮೊದಲು. ೨೦೧೭ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆ ಹಾಕಿದಾಗ ತೋಳು ಚಾಚಿದ ಹುಡುಗಿಯರಲ್ಲಿ ನಾನೂ ಒಬ್ಬಳು. ಆ ದಿನ ಅತ್ತಿದ್ದೆ. ಇಂದು ಅದರ ಅರ್ಥ ತಿಳಿಯುತ್ತಿದೆ. ಹೆಪಟೈಟಿಸ್ ಬಿ ಹಾಗಲ್ಲ. ಪರೀಕ್ಷೆಯೂ ಅಗ್ಗ, ಪರಿಹಾರವೂ ಹತ್ತಿರ. ಒಂದು ಯಕೃತ್ತು ಕೆಟ್ಟಮೇಲೆ ಒಂದು ಸಂಸಾರ ಮಾಡುವ ಸಾಲವನ್ನು ಲೆಕ್ಕಹಾಕಿದರೆ ಹೊರೆ ಯಾವ ಕಡೆಗಿದೆಯೆಂಬುದು ಅರ್ಥಶಾಸ್ತ್ರ ಓದದವರಿಗೂ ತಿಳಿದೀತು.

ಮೂರನೆಯ ಆಕ್ಷೇಪಣೆ ನನ್ನ ತಾಯಿಯದೇ. “ಗೊತ್ತಾಗದೆ ಇದ್ದಿದ್ದರೆ ನೆಮ್ಮದಿಯಾಗಿರ್ತಿದ್ವಿ” ಎಂದು ಆಕೆ ಎಷ್ಟೋ ಸಲ ನಿಟ್ಟುಸಿರಿಟ್ಟಿದ್ದಾಳೆ. ಇದಕ್ಕೆ ಉತ್ತರ ಹೇಳುವುದು ಉಳಿದೆರಡಕ್ಕಿಂತ ಕಷ್ಟ. ಏಕೆಂದರೆ ಗೊತ್ತಾದ ಮೇಲೆ ಅಕ್ಕ ಪಟ್ಟ ಪಾಡು ನನ್ನ ಕಣ್ಣಮುಂದೆ ಇದೆ. ಗಂಡನ ಮನೆಯಲ್ಲಿ ಅವಳ ತಟ್ಟೆ ಲೋಟ ಬೇರೆಯಾದವು. ಅವಳು ಮುಟ್ಟಿದ ನೀರನ್ನು ಚೆಲ್ಲಿದರು. “ಎಲ್ಲಿಂದ ತಂದೆ?” ಎಂಬ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಕೇಳಿದ್ದರೆ ಉತ್ತರವನ್ನಾದರೂ ಹೇಳಬಹುದಾಗಿತ್ತು. ಹಾಲೂಡಿಸಬೇಡವೆಂದು ನೆರೆಯವರು ಬುದ್ಧಿ ಹೇಳಿದರು. ಇವೆಲ್ಲ ಅಜ್ಞಾನದ ಮಾತುಗಳು. ಈ ಸೋಂಕು ರಕ್ತದಿಂದ, ದೇಹಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಹರಡತಕ್ಕದ್ದು. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದಲೂ ಅಪ್ಪಿಕೊಳ್ಳುವುದರಿಂದಲೂ ಹರಡುವುದಿಲ್ಲ. ಲಸಿಕೆ ಪಡೆದ ಕೂಸಿಗೆ ತಾಯಿಯ ಹಾಲು ಅಮೃತವೇ. ಕ್ಷೌರದ ಕತ್ತಿ, ಹಲ್ಲುಜ್ಜುವ ಬ್ರಷ್ಷುಗಳನ್ನು ಹಂಚಿಕೊಳ್ಳಕೂಡದು, ಮನೆಯ ಉಳಿದವರು ಲಸಿಕೆ ಹಾಕಿಸಿಕೊಳ್ಳಬೇಕು. ಇಷ್ಟು ಮಾಡಿದರೆ ಸಾಕು.

ಆ ಪಾಡಿಗೆ ಕಾರಣ ಪರೀಕ್ಷೆಯಲ್ಲ, ಪರೀಕ್ಷೆಯನ್ನು ತಿಳಿಸಿದ ರೀತಿ ಎಂದು ನಾನು ಅಮ್ಮನಿಗೆ ಹೇಳಿದ್ದೇನೆ. ರಕ್ತ ತೆಗೆಯುವಾಗ ಏತಕ್ಕೆಂದು ಹೇಳಲಿಲ್ಲ. ಫಲಿತಾಂಶವನ್ನು ಮೊಗಸಾಲೆಯಲ್ಲಿ ಕೂಗಿದರು. ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದರು. ಆ ಕೆಂಪು ಅಕ್ಷರವನ್ನು ಓದುಬಾರದ ಅತ್ತೆಯೂ ಓದಿದರು. ಎಚ್.ಐ.ವಿ. ವಿಷಯದಲ್ಲಿ ೨೦೧೭ರ ಕಾಯಿದೆ ಇದನ್ನು ತಡೆಯಲು ಹೊರಟಿದೆ: ತಿಳಿಸಿ ಒಪ್ಪಿಗೆ ಪಡೆದೇ ಪರೀಕ್ಷೆ ಮಾಡಬೇಕು, ಫಲಿತಾಂಶವನ್ನು ಗುಟ್ಟಾಗಿಡಬೇಕು, ಸೋಂಕುಳ್ಳವರನ್ನು ಭೇದದಿಂದ ಕಾಣಕೂಡದು. ಅದೇ ಮರ್ಯಾದೆ ಹೆಪಟೈಟಿಸ್ ಬಿ ಇರುವ ಹೆಣ್ಣಿಗೂ ಸಲ್ಲಬೇಡವೆ? ಎಲ್ಲ ಗರ್ಭಿಣಿಯರನ್ನೂ ಪರೀಕ್ಷಿಸಬೇಕೆಂದು ನಾನು ವಾದಿಸುವುದಕ್ಕೆ ಇದೂ ಒಂದು ಕಾರಣ. ಕೆಲವರನ್ನು ಮಾತ್ರ ಆರಿಸಿ ಪರೀಕ್ಷಿಸಿದರೆ ಆರಿಸುವುದೇ ಒಂದು ಕಳಂಕವಾಗುತ್ತದೆ. ಎಲ್ಲರಿಗೂ ತೂಕ ನೋಡಿದಂತೆ ಇದನ್ನೂ ನೋಡಿದರೆ ಯಾರೂ ತಲೆತಗ್ಗಿಸಬೇಕಾಗಿಲ್ಲ. ಬಲಾತ್ಕಾರ ಮಾತ್ರ ಬೇಡ. ಎರಡು ನಿಮಿಷ ಕುಳಿತು ಅವಳ ಮಾತಿನಲ್ಲಿ ತಿಳಿಯಹೇಳಿದರೆ ಮಗುವಿನ ಒಳಿತಿಗೆ ಬೇಡವೆನ್ನುವ ತಾಯಿಯನ್ನು ನಾನು ಕಾಣೆ.

ಇನ್ನೊಂದು ಮಾತು. ಪರೀಕ್ಷೆಗೆ ಹೆಣ್ಣು ಮಾತ್ರ ಸಿಕ್ಕುತ್ತಾಳೆ, ಏಕೆಂದರೆ ಆಸ್ಪತ್ರೆಗೆ ಬರುವವಳು ಅವಳು. ಮೊದಲು ಸಿಕ್ಕಿಬಿದ್ದವರೇ ಮೊದಲ ಅಪರಾಧಿಗಳೆಂದು ಲೋಕ ತಿಳಿಯುತ್ತದೆ. ಅವಳಲ್ಲಿ ಸೋಂಕು ಕಂಡಾಗ ಗಂಡ, ಮಕ್ಕಳು, ತಾಯಿ, ಒಡಹುಟ್ಟಿದವರು ಎಲ್ಲರೂ ರಕ್ತ ಕೊಡಬೇಕು. ನಮ್ಮ ಮನೆಯಲ್ಲಿ ಹಾಗೆ ಮಾಡಿದುದರಿಂದಲೇ ಸೋಂಕು ಬಂದ ದಾರಿ ತಿಳಿದು ಅಕ್ಕನ ಮೇಲಿನ ಸಂದೇಹ ಕರಗಿತು. ನಾನೂ ಮೂರು ಸಲ ಲಸಿಕೆ ಹಾಕಿಸಿಕೊಂಡೆ. ತಟ್ಟೆ ಲೋಟಗಳು ಮತ್ತೆ ಒಂದೇ ಗೂಡಿಗೆ ಸೇರಿದವು, ಸ್ವಲ್ಪ ತಡವಾಗಿಯಾದರೂ.

ಮಿತ್ರರೇ, ಈ ಸಂಚಿಕೆಯನ್ನು ಓದುವ ನಮ್ಮಲ್ಲಿ ಅನೇಕರು ಮುಂದಿನ ಕೆಲವು ವರ್ಷಗಳಲ್ಲಿ ತಾಯಿತಂದೆಗಳಾಗತಕ್ಕವರು. ಕೆಲವರು ಉಪಾಧ್ಯಾಯರಾಗಿಯೋ ಗ್ರಾಮ ಪಂಚಾಯಿತಿಯ ನೌಕರರಾಗಿಯೋ ಹಳ್ಳಿಗಳಿಗೆ ಹೋಗುವಿರಿ. ಅಲ್ಲಿ ಓದುಬಲ್ಲವರೆಂದು ಜನ ನಿಮ್ಮ ಕೈಗೆ ಕಾಗದ ಕೊಡುವರು. ಅದಕ್ಕೂ ಮೊದಲು ನಿಮ್ಮ ಮನೆಯಲ್ಲಿಯೇ ಒಬ್ಬ ಅಕ್ಕನೋ ಅತ್ತಿಗೆಯೋ ಬಸುರಿಯಾಗಿರಬಹುದು. ಅವಳ ತಾಯಿ ಕಾರ್ಡನ್ನು ಒಮ್ಮೆ ತೆರೆದು ನೋಡಿ. ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೆ? ಅದರ ಫಲಿತಾಂಶವನ್ನು ಅವಳಿಗೆ ಯಾರಾದರೂ ಅರ್ಥವಾಗುವಂತೆ ಹೇಳಿದ್ದಾರೆಯೆ? ಹೆರಿಗೆ ಭಾನುವಾರವೋ ಹಬ್ಬದ ದಿನವೋ ಆದರೆ ಕೂಸಿಗೆ ೨೪ ಗಂಟೆಯೊಳಗೆ ಲಸಿಕೆ ಹಾಕುವವರು ಯಾರು? ಈ ಮೂರು ಪ್ರಶ್ನೆಗಳನ್ನು ಕೇಳಲು ವೈದ್ಯಶಾಸ್ತ್ರ ಬೇಕಾಗಿಲ್ಲ. ೨೦೧೪ರಲ್ಲಿ ನಮ್ಮ ಮನೆಯಲ್ಲಿ ಓದುಬಲ್ಲವರು ಇದ್ದರು. ಕೇಳಬೇಕೆಂದು ತಿಳಿದವರು ಇರಲಿಲ್ಲ.

ಅಕ್ಕನ ಮಗಳು ಈಗ ಚೆನ್ನಾಗಿ ಓದುತ್ತಿದ್ದಾಳೆ, ಆಟದಲ್ಲಿಯೂ ಮುಂದು. ವೈದ್ಯರು ಸದ್ಯಕ್ಕೆ ಔಷಧಿ ಬೇಡ, ಆದರೆ ಪರೀಕ್ಷೆ ತಪ್ಪಿಸಬೇಡಿ ಎಂದಿದ್ದಾರೆ. ಕಳೆದ ಸಲ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಸೂಜಿ ಚುಚ್ಚುವಾಗ ಅವಳು ಅಳಲಿಲ್ಲ. ದಾರಿಯಲ್ಲಿ ಮಾತ್ರ, “ಚಿಕ್ಕಮ್ಮಾ, ತಮ್ಮನಿಗೆ ಯಾಕೆ ಇಲ್ಲ?” ಎಂದು ಕೇಳಿದಳು. ಅವನಿಗೆ ಹುಟ್ಟಿದ ದಿನವೇ ಮದ್ದು ಸಿಕ್ಕಿತು ಎಂದೆ. “ನನಗೆ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಇನ್ನೊಂದು ಮನೆಯಲ್ಲಿ ಇನ್ನೊಂದು ಹುಡುಗಿ ಅದೇ ಪ್ರಶ್ನೆಯನ್ನು ಕೇಳದಂತಾಗಲಿ ಎಂಬ ಆಸೆಯಿಂದ ಇಷ್ಟನ್ನು ಬರೆದಿದ್ದೇನೆ.